ಒಣಕೊಳವೆಯಲ್ಲಿ ನೀರು ತಲಪುವ ಕಾಲ

ಮುಂಬಯಿ, ದೆಹಲಿ, ಹೈದರಾಬಾದುಗಳ ದೊಡ್ಡ ಕಚೇರಿಗಳಲ್ಲಿ ದುಡಿಯುವವರು ಎಂದಾದರೂ ತಲೆಯೆತ್ತಿ ನೋಡಿದರೆ ಮೇಲ್ಛಾವಣಿಯಿಂದ ಸಾಲುಸಾಲಾಗಿ ಇಳಿಬಿದ್ದಿರುವ ಪುಟ್ಟ ಲೋಹದ ಮೂತಿಗಳು ಕಾಣುತ್ತವೆ. ಸ್ಪ್ರಿಂಕ್ಲರ್ ಎಂದು ಎಲ್ಲರೂ ಕರೆಯುವ ಈ ಮೂತಿಯ ಬಾಯನ್ನು ಒಂದು ಸಣ್ಣ ಬಿರಡೆ ಮುಚ್ಚಿರುತ್ತದೆ. ಬಿರಡೆಯನ್ನು ಒತ್ತಿ ಹಿಡಿದಿರುವುದು ಕಿರುಬೆರಳಿಗಿಂತ ತೆಳುವಾದ ಒಂದು ಗಾಜಿನ ಗುಳಿಗೆ. ಗುಳಿಗೆಯೊಳಗಿನ ದ್ರವ ಕೆಂಪಾಗಿದ್ದರೆ ಅದು 68 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಡೆಯತಕ್ಕದ್ದೆಂದು ತಿಳಿಯಬೇಕು. ಕೆಳಗೆ ಬೆಂಕಿ ಹೊತ್ತಿ ಬಿಸಿಗಾಳಿ ಮೇಲೇರಿದಾಗ ದ್ರವ ಹಿಗ್ಗುತ್ತದೆ, ಗಾಜು ಸಿಡಿಯುತ್ತದೆ, ಬಿರಡೆ ಕಳಚುತ್ತದೆ, ನೀರು ಸುರಿಯುತ್ತದೆ. ಚಲನಚಿತ್ರಗಳಲ್ಲಿ ತೋರಿಸುವಂತೆ ಕಟ್ಟಡದ ಮೂತಿಗಳೆಲ್ಲವೂ ಒಮ್ಮೆಗೇ ಬಾಯ್ದೆರೆಯುವುದಿಲ್ಲ. ಯಾವುದಕ್ಕೆ ಶಾಖ ತಟ್ಟಿತೋ ಅದು ಮಾತ್ರ ತೆರೆಯುತ್ತದೆ.

ಈ ಬಗೆಯ ಏರ್ಪಾಟಿನಲ್ಲಿ ನೀರು ಬಿರಡೆಯ ಬೆನ್ನಿಗೇ ಕಾದು ನಿಂತಿರುತ್ತದೆ. ಆದುದರಿಂದ ಗಾಜು ಒಡೆಯುವುದಕ್ಕೂ ನೀರು ಬೀಳುವುದಕ್ಕೂ ನಡುವೆ ಎಣಿಸಬೇಕಾದಷ್ಟು ಅಂತರವಿಲ್ಲ. ವೆಟ್ ಪೈಪ್ ಎಂದು ಕೆಲಸಗಾರರು ಹೇಳುವ ಇದನ್ನು ತುಂಬುಕೊಳವೆ ಎನ್ನಬಹುದು. ಆದರೆ ನೀರು ಹೆಪ್ಪುಗಟ್ಟುವ ಸ್ಥಳದಲ್ಲಿ ತುಂಬುಕೊಳವೆಯಿಂದ ರಕ್ಷಣೆಗಿಂತ ಹಾನಿಯೇ ಹೆಚ್ಚು. ಮಂಜುಗಡ್ಡೆಯಾಗುವಾಗ ನೀರು ನೂರಕ್ಕೆ ಸುಮಾರು ಒಂಬತ್ತು ಪಾಲು ಹಿಗ್ಗುತ್ತದೆ. ಉಕ್ಕಿನ ಕೊಳವೆಯೂ ಅದನ್ನು ತಡೆಯಲಾರದೆ ಬಿರಿಯುತ್ತದೆ. ಆದ್ದರಿಂದ 4 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯಬಹುದಾದ ಗೋದಾಮು, ವಾಹನಶಾಲೆ, ಅಟ್ಟ, ಶೀತಗೃಹಗಳಲ್ಲಿ ಕೊಳವೆಗಳೊಳಗೆ ನೀರಿಗೆ ಬದಲಾಗಿ ಒತ್ತಡದ ಗಾಳಿಯನ್ನು ತುಂಬಿಡುತ್ತಾರೆ. ನೀರು ದೂರದ ಒಂದು ಬೆಚ್ಚನೆಯ ಕೋಣೆಯಲ್ಲಿ, ಕವಾಟವೊಂದರ ಹಿಂದೆ ತಡೆದು ನಿಂತಿರುತ್ತದೆ. ಇದೇ ಡ್ರೈ ಪೈಪ್, ಎಂದರೆ ಒಣಕೊಳವೆ. ಇಲ್ಲಿ ಮೂತಿಯೊಂದು ತೆರೆದಾಗ ಮೊದಲು ಗಾಳಿ ಹೋಗಬೇಕು, ಆಮೇಲೆ ನೀರು ಬರಬೇಕು. ಈ ಮೊದಲಿಗೂ ಆ ಆಮೇಲೆಗೂ ನಡುವೆ ಎಷ್ಟು ಕಾಲ ಕಳೆಯುತ್ತದೆ, ಅದನ್ನು ಅಳೆಯುವುದು ಹೇಗೆ, ಅಳೆದುಬಂದ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಪ್ರಕೃತ ವಿಷಯ.

ಸ್ಪ್ರಿಂಕ್ಲರಿನ ತವರು ಅಮೆರಿಕದ ಈಶಾನ್ಯದಲ್ಲಿರುವ ನ್ಯೂ ಇಂಗ್ಲೆಂಡ್ ಪ್ರಾಂತ. ಅಲ್ಲಿಯ ನ್ಯೂ ಹೇವನ್ ಪಟ್ಟಣದಲ್ಲಿ ಪಿಯಾನೋ ಕಾರ್ಖಾನೆಯ ಒಡೆಯನಾಗಿದ್ದ ಹೆನ್ರಿ ಪಾರ್ಮಲೀ 1874ರಲ್ಲಿ ತನ್ನ ಕಾರ್ಖಾನೆಯನ್ನು ಕಾಪಾಡಿಕೊಳ್ಳಲು ತಾನಾಗಿ ತೆರೆಯುವ ಮೂತಿಯನ್ನು ರಚಿಸಿದನು. ಪ್ರಾವಿಡೆನ್ಸಿನ ಫ್ರೆಡರಿಕ್ ಗ್ರಿನೆಲ್ 1881ರಲ್ಲಿ ಅದನ್ನು ಬಹಳವಾಗಿ ಸುಧಾರಿಸಿದನು. ಹತ್ತಿಯ ಧೂಳು ಹಾರಾಡುವ, ಎಣ್ಣೆ ಹೀರಿದ ಮರದ ನೆಲವುಳ್ಳ ಗಿರಣಿಗಳೇ ಇವರ ಮೊದಲ ಗಿರಾಕಿಗಳು. ಆ ಪ್ರಾಂತದಲ್ಲಿ ಚಳಿಗಾಲವೆಂದರೆ ನದಿಗಳೇ ಹೆಪ್ಪುಗಟ್ಟುವ ಕಾಲ. ಒಲೆಯಿಲ್ಲದ ಉಗ್ರಾಣಗಳಿಗೆ ತುಂಬುಕೊಳವೆ ಒಗ್ಗದು. ಹೀಗೆ ಒಣಕೊಳವೆಯೂ ಬಳಕೆಗೆ ಬಂದಿತು. ಆದರೆ ಕೊಳವೆಯ ಗಾತ್ರವೆಷ್ಟು, ಮೂತಿಗಳ ನಡುವಣ ಅಂತರವೆಷ್ಟು ಎಂಬ ವಿಷಯದಲ್ಲಿ ಒಬ್ಬೊಬ್ಬ ವಿಮೆಗಾರನದು ಒಂದೊಂದು ನಿಯಮ. ಬಾಸ್ಟನ್ ನಗರದ ಸುತ್ತಲಿನ ನೂರು ಮೈಲಿಗಳೊಳಗೆ ಒಂಬತ್ತು ಬಗೆಯ ಪದ್ಧತಿಗಳಿದ್ದುವಂತೆ. ಈ ಗೊಂದಲವನ್ನು ನೀಗಲು 1895ರಲ್ಲಿ ಆರಂಭವಾದ ಸಮಾಲೋಚನೆಗಳ ಫಲವಾಗಿಯೇ 1896ರಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿಸಂರಕ್ಷಣ ಸಂಘ ಹುಟ್ಟಿತು. ಅದರ 13ನೆಯ ಸಂಖ್ಯೆಯ ನಿಯಮಾವಳಿ ವ್ಯವಸ್ಥೆಯನ್ನು ಕಟ್ಟುವ ಬಗೆಯನ್ನೂ 25ನೆಯದು ಅದನ್ನು ಕಾಪಾಡಿಕೊಂಡು ಪರೀಕ್ಷಿಸುವ ಬಗೆಯನ್ನೂ ಹೇಳುತ್ತವೆ. ಮುಂದೆ ಬರುವ ಅಂಕಿಗಳು ಈ ಎರಡು ನಿಯಮಾವಳಿಗಳವು.

ಕಾಲದ ಲೆಕ್ಕ ತಿಳಿಯಬೇಕಾದರೆ ಕವಾಟದ ರಚನೆಯನ್ನು ಮೊದಲು ನೋಡಬೇಕು. ಡ್ರೈ ಪೈಪ್ ವಾಲ್ವಿನ ಒಳಗೆ ಕೀಲಿನ ಮೇಲೆ ತಿರುಗುವ ಒಂದು ಮುಚ್ಚಳವಿದೆ. ಕೆಳಗಿನಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನಿಂದ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ನೀರಿನ ಒತ್ತಡ ಗಾಳಿಯದಕ್ಕಿಂತ ಎಷ್ಟೋ ಹೆಚ್ಚು. ಆದರೂ ಮುಚ್ಚಳ ಏಳದಿರುವುದು ಏಕೆಂದರೆ ಗಾಳಿ ಒತ್ತುವ ಮೇಲ್ಮುಖ ನೀರು ತಾಗುವ ಕೆಳಮುಖಕ್ಕಿಂತ ಐದಾರು ಪಟ್ಟು ವಿಶಾಲವಾಗಿದೆ. ಐದು ಜನ ಮೆಲ್ಲಗೆ ಒತ್ತಿ ಹಿಡಿದ ಕದವನ್ನು ಒಬ್ಬ ಬಲಶಾಲಿ ತಳ್ಳಲಾರದಂತೆ ಇದು. ಅನುಪಾತ ಐದಕ್ಕೊಂದಿದ್ದು ನೀರಿನ ಒತ್ತಡ ಚದರ ಅಂಗುಲಕ್ಕೆ 75 ಪೌಂಡು ಇದ್ದರೆ, ಗಾಳಿಯ ಒತ್ತಡ 15 ಪೌಂಡಿಗೆ ಇಳಿಯುವವರೆಗೂ ಮುಚ್ಚಳ ಕದಲದು. ಅಲ್ಲಿಗೆ ಬಂದೊಡನೆ ಅದು ತಟ್ಟನೆ ಹಾರಿ ಹಿಂದಕ್ಕೆ ಬಿದ್ದು, ಮತ್ತೆ ಮುಚ್ಚಿಕೊಳ್ಳದಂತೆ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಟ್ರಿಪ್ ಆಗುವುದು ಎನ್ನುತ್ತಾರೆ. ಕನ್ನಡದಲ್ಲಿ ಕವಾಟ ಬಿಡುವುದು ಎಂದರೆ ಸಾಕು.

ಹೀಗಾಗಿ ನೀರು ತಲಪುವ ಕಾಲದಲ್ಲಿ ಎರಡು ಭಾಗಗಳಿವೆ. ಮೂತಿ ತೆರೆದುದರಿಂದ ಕವಾಟ ಬಿಡುವವರೆಗೆ ಒಂದು. ಕವಾಟ ಬಿಟ್ಟುದರಿಂದ ನೀರು ಮೂತಿಯನ್ನು ಸೇರುವವರೆಗೆ ಮತ್ತೊಂದು. ಮೊದಲನೆಯದು ಗಾಳಿ ಖಾಲಿಯಾಗುವ ಕಾಲ, ಎರಡನೆಯದು ನೀರು ನಡೆದುಬರುವ ಕಾಲ. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆಯಾಗಿ ಬರೆದಿಡುವ ಅಭ್ಯಾಸ ಎಲ್ಲೆಡೆಯೂ ಉಂಟು. ಅನೇಕ ತಪ್ಪುತಿಳಿವಳಿಕೆಗಳಿಗೆ ಮೂಲ ಅದೇ.

ಗಾಳಿ ಖಾಲಿಯಾಗುವ ಬಗೆ ಸ್ವಾರಸ್ಯವಾದುದು. ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಎರಡು ಪಟ್ಟು ಇರುವವರೆಗೂ ಗಾಳಿ ಮೂತಿಯ ಬಾಯಲ್ಲಿ ಶಬ್ದದ ವೇಗದಿಂದ ಹೊರಡುತ್ತದೆ. ಒಳಗಿನ ಒತ್ತಡವನ್ನು ಇನ್ನೂ ಹೆಚ್ಚಿಸಿದರೂ ಅಲ್ಲಿ ಅದಕ್ಕಿಂತ ವೇಗ ಬರದು. ಆದುದರಿಂದ ಪ್ರತಿ ಸೆಕೆಂಡಿಗೂ ಉಳಿದಿರುವ ಗಾಳಿಯಲ್ಲಿ ಒಂದು ಗೊತ್ತಾದ ಪಾಲು ಹೊರಹೋಗುತ್ತದೆ. ಇದು ಚಕ್ರಬಡ್ಡಿಯನ್ನು ತಿರುಗಿಸಿ ಹಿಡಿದಂತೆ: ಅಸಲು ಕರಗಿದಷ್ಟೂ ಕರಗುವ ಮೊತ್ತವೂ ಕಿರಿದಾಗುತ್ತದೆ. ಒಂದು ಉದಾಹರಣೆಯನ್ನು ಎತ್ತಿಕೊಳ್ಳಬಹುದು. ಕೊಳವೆಗಳ ಒಟ್ಟು ಒಳಗಾತ್ರ 500 ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು 1,900 ಲೀಟರು. ತೆರೆದ ಮೂತಿ ಒಂದೇ, ಅದರ ಬಾಯಿ ಅರ್ಧ ಅಂಗುಲ. ಆಗ ಸೆಕೆಂಡಿಗೆ ಹೋಗುವುದು ಉಳಿದ ಗಾಳಿಯ ನೂರಕ್ಕೆ ಒಂದು ಪಾಲಿನಷ್ಟು. ಕವಾಟ ಬಿಡುವುದು 15 ಪೌಂಡಿನಲ್ಲಿ ಎಂದಿದ್ದರೆ, ಅದಕ್ಕೆ 20 ಪೌಂಡು ಕೂಡಿಸಿ 35 ಪೌಂಡು ಗಾಳಿ ತುಂಬಿಡುವುದು ನಿಯಮಾವಳಿ ಒಪ್ಪಿದ ರೂಢಿ. ವಾಯುಮಂಡಲದ 15 ಪೌಂಡನ್ನು ಸೇರಿಸಿಕೊಂಡರೆ ಒತ್ತಡ 50ರಿಂದ 30ಕ್ಕೆ ಇಳಿಯಬೇಕು. ಇದಕ್ಕೆ ಹಿಡಿಯುವ ಕಾಲ ಸುಮಾರು 50 ಸೆಕೆಂಡು. ಇಷ್ಟು ಹೊತ್ತಾದರೂ ನೀರಿನ್ನೂ ಹೊಸಿಲನ್ನೇ ದಾಟಿಲ್ಲ ಎಂಬುದನ್ನು ಗಮನಿಸಬೇಕು.

ಈಗ ಇದೇ ವ್ಯವಸ್ಥೆಯನ್ನು ನೋಡಿಕೊಳ್ಳುವವನು, ಹೆಚ್ಚು ಗಾಳಿಯಿದ್ದರೆ ಹೆಚ್ಚು ಕ್ಷೇಮವೆಂದು ಬಗೆದು, 35ಕ್ಕೆ ಬದಲಾಗಿ 55 ಪೌಂಡು ತುಂಬಿದನೆನ್ನಿ. ಕವಾಟ ಆಕಸ್ಮಿಕವಾಗಿ ಬಿಟ್ಟು ಉಗ್ರಾಣದ ಸರಕು ನೆನೆಯುವ ಭಯ ಅವನಿಗೆ ಬೆಂಕಿಯ ಭಯಕ್ಕಿಂತ ಸಮೀಪದ್ದು. ಸಣ್ಣ ಸೋರಿಕೆಗಳಿದ್ದರಂತೂ ರಾತ್ರಿ ಎದ್ದು ಬರುವ ಕಾಟ ತಪ್ಪಿತೆಂದುಕೊಳ್ಳುತ್ತಾನೆ. ಆದರೆ ಕವಾಟ ಬಿಡುವ ಕಾಲ ಈಗ ಸುಮಾರು 80 ಸೆಕೆಂಡು. ಒತ್ತಡಮಾಪಕದ ಮುಳ್ಳು ಇಪ್ಪತ್ತು ಗೆರೆ ಮುಂದೆ ಸರಿದುದರ ಬೆಲೆ ಅರ್ಧ ನಿಮಿಷ. ಗೋಡೆಯ ಮೇಲಿನ ಮಾಪಕವನ್ನು ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಂಪ್ರೆಸರಿನ ವಿಷಯದಲ್ಲಿಯೂ ಇಂಥದೇ ಒಂದು ತೊಡಕುಂಟು. ಸೋರಿದ ಗಾಳಿಯನ್ನು ತುಂಬಿಕೊಡಲು ಇಟ್ಟ ಯಂತ್ರ ಬಹಳ ಧಾರಾಳವಾಗಿ ಗಾಳಿ ಕೊಡುತ್ತಿದ್ದರೆ, ತೆರೆದ ಮೂತಿಯಿಂದ ಹೋದುದನ್ನು ಅದು ಹಿಂದಿನಿಂದ ತುಂಬುತ್ತಲೇ ಇರುತ್ತದೆ. ಬೆಂಕಿ ಬಿದ್ದಿದೆಯೆಂಬ ಸುದ್ದಿಯೇ ಕವಾಟಕ್ಕೆ ತಲಪುವುದಿಲ್ಲ. ಅದಕ್ಕಾಗಿಯೇ ಗಾಳಿಯ ದಾರಿಯಲ್ಲಿ ಒಂದು ಕಿರುರಂಧ್ರದ ತಡೆಯನ್ನಿಡುತ್ತಾರೆ.

ಇನ್ನು ಎರಡನೆಯ ಭಾಗ. ಕವಾಟ ಬಿಟ್ಟ ಮೇಲೆ ನೀರು ನುಗ್ಗುತ್ತದೆ, ನಿಜ; ಆದರೆ ಬರಿದಾದ ಕೊಳವೆಯೊಳಗೆ ಅಲ್ಲ. ಮುಂದೆ ಇನ್ನೂ ಗಾಳಿಯಿದೆ, ಅದರ ಹೊರದಾರಿ ಆ ಅರ್ಧ ಅಂಗುಲದ ಬಾಯಿಯೊಂದೇ. ನೀರು ಮುಂದೆ ಸರಿದಂತೆ ಗಾಳಿ ಅದುಮಿ ಸುರುಳಿ ಸ್ಪ್ರಿಂಗಿನಂತೆ ಎದುರೊತ್ತುತ್ತದೆ. ಮುಚ್ಚಿದ ಕವಲುಗಳೊಳಗೂ ನೀರು ಸ್ವಲ್ಪ ಸ್ವಲ್ಪ ನುಗ್ಗಿ ಅಲ್ಲಿಯ ಗಾಳಿಯನ್ನು ಮೂಲೆಗೆ ಒತ್ತಿ ನಿಲ್ಲಿಸುತ್ತದೆ. ಅಷ್ಟು ನೀರು ಬೆಂಕಿಯ ಕಡೆಗೆ ನಡೆಯದೆ ಪಕ್ಕದಾರಿಯಲ್ಲಿ ವ್ಯರ್ಥವಾಯಿತು. ಆರು ಅಂಗುಲದ ಮುಖ್ಯ ಕೊಳವೆಯ ಒಂದೊಂದು ಮೀಟರನ್ನು ತುಂಬಲು ಸುಮಾರು 18 ಲೀಟರು ಬೇಕು. ಆದುದರಿಂದ ಹಾದಿಯ ಉದ್ದಕ್ಕಿಂತ ಹಾದಿಯ ಹೊಟ್ಟೆ ಮುಖ್ಯ. ಭವಿಷ್ಯದ ವಿಸ್ತರಣೆಗೆ ಇರಲಿ ಎಂದು ಅಗತ್ಯಕ್ಕಿಂತ ದಪ್ಪ ಕೊಳವೆ ಹಾಕಿದವರು ತುಂಬುಕೊಳವೆಯಲ್ಲಿ ಜಾಣರೆನಿಸಿಕೊಳ್ಳುತ್ತಾರೆ, ಒಣಕೊಳವೆಯಲ್ಲಿ ಹೀಗೆ ಮಾಡಿ ಕಾಲವನ್ನು ಕಳೆದುಕೊಳ್ಳುತ್ತಾರೆ. ಬಲೆಯ ಕಣ್ಣುಗಳಂತೆ ಎಲ್ಲ ಕಡೆಯಿಂದಲೂ ಒಂದಕ್ಕೊಂದು ಕೂಡಿದ ಕೊಳವೆಜಾಲವನ್ನು ಒಣಕೊಳವೆಗೆ ನಿಯಮಾವಳಿ ನಿಷೇಧಿಸಿರುವುದೂ ಇದಕ್ಕಾಗಿಯೇ: ನೀರು ಹಲವು ದಿಕ್ಕಿನಿಂದ ಬಂದು ಗಾಳಿಯನ್ನು ನಡುವೆ ಸಿಕ್ಕಿಸಿಬಿಡುತ್ತದೆ.

ಗಾಳಿಯ ಕಾಲವನ್ನು ಕಡಮೆ ಮಾಡಲು ಆಕ್ಸಿಲರೇಟರ್ ಎಂಬ ಉಪಕರಣವುಂಟು. ಒತ್ತಡ ಮೆಲ್ಲಮೆಲ್ಲಗೆ ಸೋರಿದರೆ ಅದು ಸುಮ್ಮನಿರುತ್ತದೆ. ತಟ್ಟನೆ ಕುಸಿಯತೊಡಗಿದರೆ ಎಚ್ಚತ್ತು, ಕೊಳವೆಯ ಗಾಳಿಯನ್ನೇ ಮುಚ್ಚಳದ ಕೆಳಗಿನ ನಡುಕೋಣೆಗೆ ಬಿಡುತ್ತದೆ. ಮೇಲೆ ಕೆಳಗೆ ಒಂದೇ ಒತ್ತಡವಾದೊಡನೆ ಐದಕ್ಕೊಂದರ ಅನುಕೂಲ ಅಳಿದು ಮುಚ್ಚಳ ಹಾರುತ್ತದೆ. ಹೀಗೆ 50 ಸೆಕೆಂಡಿನ ಕಾಲ ಕೆಲವೇ ಸೆಕೆಂಡುಗಳಿಗೆ ಇಳಿಯುತ್ತದೆ. ಆದರೆ ಉಳಿದ 40 ಸೆಕೆಂಡನ್ನೂ ಲಾಭವೆಂದು ಬರೆದುಕೊಳ್ಳುವಂತಿಲ್ಲ. ಆಕ್ಸಿಲರೇಟರ್ ಇಲ್ಲದಾಗ ಕವಾಟ ಬಿಡುವ ಹೊತ್ತಿಗೆ ಬಹಳಷ್ಟು ಗಾಳಿ ಹೊರಟುಹೋಗಿರುತ್ತದೆ; ಇದ್ದಾಗ ಹೆಚ್ಚುಕಡಮೆ ಎಲ್ಲ ಗಾಳಿಯೂ ಒಳಗೇ ಇದ್ದು ನೀರಿಗೆ ಎದುರು ನಿಲ್ಲುತ್ತದೆ. ಮೊದಲನೆಯ ಭಾಗದಲ್ಲಿ ಉಳಿಸಿದುದರಲ್ಲಿ ಒಂದಂಶವನ್ನು ಎರಡನೆಯ ಭಾಗ ಮರಳಿ ಕಿತ್ತುಕೊಳ್ಳುತ್ತದೆ. ಗಾಳಿಯನ್ನು ಬೇರೆ ದೊಡ್ಡ ಬಾಯಿಂದ ಹೊರಗೆ ಬಿಡುವ ಎಕ್ಸಾಸ್ಟರ್ ಎಂಬ ಹಳೆಯ ಉಪಕರಣ ಈ ದೃಷ್ಟಿಯಿಂದ ಯೋಗ್ಯವಾಗಿತ್ತು. ಅದು ಈಗ ಅಪರೂಪ.

13ನೆಯ ನಿಯಮಾವಳಿ ವಿಧಿಸುವ ಪ್ರಸಿದ್ಧ ಮಿತಿ 60 ಸೆಕೆಂಡು. ವ್ಯವಸ್ಥೆಯ ತುತ್ತತುದಿಯಲ್ಲಿ ಮೂತಿಯ ಬಾಯಿಯಷ್ಟೇ ರಂಧ್ರವುಳ್ಳ ಪರೀಕ್ಷಾನಳವೊಂದನ್ನು ಇಟ್ಟಿರುತ್ತಾರೆ. ಅದನ್ನು ಪೂರ್ತಿಯಾಗಿ ತೆರೆದ ಕ್ಷಣದಿಂದ ಅಲ್ಲಿ ನೀರು ಬರುವ ಕ್ಷಣದವರೆಗೆ 60 ಸೆಕೆಂಡು ಮೀರಬಾರದು. ಆದರೆ ಈ ಮಿತಿಗೆ ಒಳಪಡದವೂ ಇವೆ. ಒಳಗಾತ್ರ 500 ಗ್ಯಾಲನ್ ಮೀರದಿದ್ದರೆ, ಅಥವಾ ಆಕ್ಸಿಲರೇಟರಿನಂಥ ಉಪಕರಣವಿದ್ದು 750 ಗ್ಯಾಲನ್ ಮೀರದಿದ್ದರೆ, ಸಾಮಾನ್ಯವಾಗಿ ಕಾಲದ ಷರತ್ತಿಲ್ಲ. ಚಿಕ್ಕ ವ್ಯವಸ್ಥೆ ಬೇಗನೆ ತುಂಬುತ್ತದೆಂಬ ನಂಬಿಕೆ ಇದರ ಹಿಂದಿದೆ. ಮೇಲಿನ ಉದಾಹರಣೆಯ ವ್ಯವಸ್ಥೆಯಲ್ಲಿ ಸರಿಯಾಗಿ 500 ಗ್ಯಾಲನ್ ಇತ್ತು. ಅದರ ಕವಾಟ ಬಿಡುವುದಕ್ಕೇ 50 ಸೆಕೆಂಡು, ಗಾಳಿ ಹೆಚ್ಚಿದರೆ 80 ಸೆಕೆಂಡು. ಮಿತಿ ಮೀರಿಯೂ ಅದು ನಿಯಮಬದ್ಧವೇ. ವಿನಾಯಿತಿ ಇರುವುದು ಲೆಕ್ಕದಿಂದ ಮಾತ್ರ, ಬೆಂಕಿಯಿಂದಲ್ಲ ಎಂಬುದನ್ನು ಇಂಥ ಕಟ್ಟಡಗಳ ಒಡೆಯರು ಅರಿತಿರುವುದು ಕಡಮೆ.

ಪರೀಕ್ಷೆಗೆ ಇಬ್ಬರು ಬೇಕು. ಒಬ್ಬನು ಕವಾಟದ ಕೋಣೆಯಲ್ಲಿ, ಮತ್ತೊಬ್ಬನು ದೂರದ ತುದಿಯ ನಳದ ಬಳಿ. ಇಬ್ಬರಿಗೂ ಮಾತನಾಡುವ ಸಾಧನವಿರಬೇಕು. ಪ್ರಾರಂಭಕ್ಕೆ ಮೊದಲು ನೀರಿನ ಒತ್ತಡ, ಗಾಳಿಯ ಒತ್ತಡ, ಮುಚ್ಚಳದ ಮೇಲೆ ನಿಂತಿರಬಹುದಾದ ನೀರಿನ ಮಟ್ಟ, ಇವನ್ನು ನೋಡಿ ಬರೆದುಕೊಳ್ಳುತ್ತಾರೆ. ಮುಚ್ಚಳದ ಮೇಲೆ ನೀರು ಸೇರಿ ಎತ್ತರದ ಕಂಬವಾಗಿ ನಿಂತರೆ ಅದರ ತೂಕವೂ ಗಾಳಿಯ ಕಡೆ ಸೇರಿಕೊಂಡು ಕವಾಟವನ್ನು ತಡೆಯುತ್ತದೆ. ಆದುದರಿಂದ ಅದನ್ನು ಬಸಿದು ಹಾಕಬೇಕು. ಅಗ್ನಿಶಾಮಕ ದಳಕ್ಕೆ ಸುಳ್ಳು ಕರೆ ಹೋಗದಂತೆ ಮೊದಲೇ ತಿಳಿಸಬೇಕು. ಬಳಿಕ ನಳವನ್ನು ಒಮ್ಮೆಗೇ ತೆರೆದು ಸ್ಟಾಪ್‌ವಾಚನ್ನು ಒತ್ತುತ್ತಾರೆ. ನಳದಿಂದ ಗಾಳಿ ಕಿರುಚುತ್ತಾ ಹೊರಡುತ್ತದೆ. ಕವಾಟದ ಬಳಿಯಿರುವವನು ಮಾಪಕದ ಮುಳ್ಳು ಇಳಿಯುವುದನ್ನು ನೋಡುತ್ತಾ, ಮುಚ್ಚಳ ಹಾರಿದ ಸದ್ದು ಕೇಳಿದ ಗಳಿಗೆಯಲ್ಲಿ ಕಾಲವನ್ನೂ ಒತ್ತಡವನ್ನೂ ಬರೆದುಕೊಳ್ಳುತ್ತಾನೆ. ದೂರದ ತುದಿಯಲ್ಲಿ ಗಾಳಿಯ ಸ್ವರ ಬದಲಾಗುತ್ತದೆ. ಮೊದಲು ಮಂಜಿನಂಥ ಹನಿ, ಆಮೇಲೆ ಕೆಮ್ಮಿ ಕೆಮ್ಮಿ ಬರುವ ತುಕ್ಕಿನ ನೀರು, ಆಮೇಲೆ ಎಡೆಬಿಡದ ಧಾರೆ. ಗಡಿಯಾರವನ್ನು ನಿಲ್ಲಿಸಬೇಕಾದುದು ಇವುಗಳಲ್ಲಿ ಯಾವುದಕ್ಕೆ? ಮೊದಲ ಹನಿಗೆ ನಿಲ್ಲಿಸುವವರಿದ್ದಾರೆ, ಧಾರೆಗೆ ನಿಲ್ಲಿಸುವವರಿದ್ದಾರೆ. ಇವರ ನಡುವೆ ಎಷ್ಟೋ ಸೆಕೆಂಡುಗಳ ಭೇದ ಬೀಳುತ್ತದೆ. ಧಾರೆಗೆ ನಿಲ್ಲಿಸುವುದೇ ಪ್ರಾಮಾಣಿಕವೆಂದು ತೋರುತ್ತದೆ, ಏಕೆಂದರೆ ಕೆಮ್ಮುವ ನೀರು ಬೆಂಕಿಯನ್ನು ನಂದಿಸದು. ಅದಕ್ಕಿಂತ ಮುಖ್ಯವಾದುದು ಪ್ರತಿಸಲವೂ ಒಂದೇ ಗುರುತನ್ನು ಹಿಡಿಯುವುದು.

ಇಂಥ ಪೂರ್ಣ ಪರೀಕ್ಷೆ ಪ್ರತಿವರ್ಷವೂ ನಡೆಯುವುದಿಲ್ಲ. 25ನೆಯ ನಿಯಮಾವಳಿಯಂತೆ ವರ್ಷಕ್ಕೊಮ್ಮೆ, ಚಳಿಯಿಲ್ಲದ ಕಾಲದಲ್ಲಿ, ಕವಾಟವನ್ನು ಬಿಡಿಸಿ ನೋಡಬೇಕು. ಆದರೆ ಆಗ ನೀರಿನ ಮುಖ್ಯ ಕವಾಟವನ್ನು ಭಾಗಶಃ ಮಾತ್ರ ತೆರೆದಿಟ್ಟು, ಮುಚ್ಚಳ ಹಾರಿದೊಡನೆ ನೀರನ್ನು ತಡೆದುಬಿಡುತ್ತಾರೆ. ಮೂರು ವರ್ಷಕ್ಕೊಮ್ಮೆ ಮಾತ್ರ ಮುಖ್ಯ ಕವಾಟವನ್ನು ಪೂರ್ತಿ ತೆರೆದು ನೀರನ್ನು ತುದಿಯವರೆಗೆ ಓಡಿಸುತ್ತಾರೆ. ಕೊಳವೆಯೊಳಗೆ ನೀರು ಹೊಕ್ಕಷ್ಟೂ ತುಕ್ಕು ಹೆಚ್ಚು, ತಗ್ಗಿನಲ್ಲಿ ಉಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಭಯವೂ ಹೆಚ್ಚು. ಹೀಗೆ ರೋಗ ಪರೀಕ್ಷೆಯೇ ಸ್ವಲ್ಪಮಟ್ಟಿಗೆ ರೋಗವನ್ನು ತರುವಂತಿದ್ದರಿಂದ ಅದರ ಸರದಿಯನ್ನು ವಿರಳಗೊಳಿಸಿದ್ದಾರೆ.

ಬಂದ ಫಲವನ್ನು ಹಿಂದಿನದರೊಡನೆ ಹೋಲಿಸಬೇಕೆಂದು ನಿಯಮವಿದೆ. ಎರಡು ಕಾಲಗಳನ್ನೂ ಬೇರೆ ಬೇರೆಯಾಗಿ ಬರೆದಿಡುವುದರ ಬೆಲೆ ತಿಳಿಯುವುದು ಇಲ್ಲಿಯೇ. ಮೂರು ವರ್ಷದ ಹಿಂದೆ ಒಟ್ಟು 52 ಸೆಕೆಂಡು, ಈ ಸಲ 58 ಎಂದಷ್ಟೇ ಇದ್ದರೆ ಪರೀಕ್ಷಕನು 60ರ ಒಳಗಿದೆಯೆಂದು ಸಮಾಧಾನದಿಂದ ಮನೆಗೆ ಹೋಗುತ್ತಾನೆ. ಆದರೆ ಹಿಂದೆ ಗಾಳಿಗೆ 30, ನೀರಿಗೆ 22 ಇದ್ದುದು ಈಗ ಗಾಳಿಗೆ 20, ನೀರಿಗೆ 38 ಆಗಿದೆಯೆನ್ನಿ. ಯಾರೋ ಗಾಳಿಯ ಒತ್ತಡವನ್ನು ತಗ್ಗಿಸಿದ್ದಾರೆ. ಆ ಲಾಭದ ಮರೆಯಲ್ಲಿ ನೀರಿನ ನಡಿಗೆ 16 ಸೆಕೆಂಡು ನಿಧಾನವಾಗಿದೆ. ದಾರಿಯಲ್ಲಿ ತುಕ್ಕಿನ ಗುಡ್ಡೆ ಬೆಳೆದಿರಬಹುದು, ಬೀದಿಯ ನೀರಿನ ಒತ್ತಡ ಕುಗ್ಗಿರಬಹುದು, ಭೂಗತ ಕವಾಟವೊಂದನ್ನು ಯಾರೋ ಅರ್ಧ ಮುಚ್ಚಿ ಮರೆತಿರಬಹುದು. ಇದಕ್ಕೆ ವಿರುದ್ಧವಾಗಿ ನೀರಿನ ಕಾಲ ಹಾಗೆಯೇ ಇದ್ದು ಗಾಳಿಯ ಕಾಲ ಬೆಳೆದಿದ್ದರೆ ಕೊಳವೆಯನ್ನು ಸಂಶಯಿಸುವ ಕಾರಣವಿಲ್ಲ. ಹೆಚ್ಚಿಸಿದ ಗಾಳಿಯನ್ನೋ, ಕಸ ತುಂಬಿ ಕೆಟ್ಟ ಆಕ್ಸಿಲರೇಟರನ್ನೋ ಹುಡುಕಬೇಕು. ಒಂದೇ ಸಂಖ್ಯೆಯಲ್ಲಿ ಇವೆಲ್ಲವೂ ಅಡಗಿಹೋಗುತ್ತವೆ.

ಪರೀಕ್ಷೆ ಅಳೆಯದೆ ಬಿಡುವುದು ಇನ್ನೂ ಒಂದಿದೆ. ಗಡಿಯಾರ ಓಡತೊಡಗುವುದು ನಳ ತೆರೆದಾಗ. ಬೆಂಕಿ ಹೊತ್ತಿದುದು ಅದಕ್ಕೆ ಮೊದಲು. ಗಾಜಿನ ಗುಳಿಗೆ ಕಾಯ್ದು ಒಡೆಯುವವರೆಗಿನ ಕಾಲ ಈ ಲೆಕ್ಕದಲ್ಲಿಲ್ಲ. ಬೆಂಕಿಯ ಬೆಳವಣಿಗೆ ಕಾಲದ ವರ್ಗವನ್ನು ಅನುಸರಿಸುತ್ತದೆಂದು ತಜ್ಞರು ಎಣಿಸುವುದು ರೂಢಿ. ಶೀಘ್ರ ಎಂದು ಅವರು ವಿಂಗಡಿಸುವ ಬೆಂಕಿ 150 ಸೆಕೆಂಡಿನಲ್ಲಿ ಸುಮಾರು 1,055 ಕಿಲೋವಾಟಿನಷ್ಟಾಗುತ್ತದೆ. ಅಂಥ ಬೆಂಕಿಯಲ್ಲಿ 100ನೆಯ ಸೆಕೆಂಡಿಗೆ ಮೂತಿ ಒಡೆದರೆ ಆಗ ಅದರ ಪ್ರಮಾಣ 470 ಕಿಲೋವಾಟು. ನಿಯಮ ಒಪ್ಪುವ 60 ಸೆಕೆಂಡು ಕಳೆದು ನೀರು ಬರುವಾಗ 1,200. ಮೂತಿ ಕಂಡ ಬೆಂಕಿಗಿಂತ ನೀರು ಕಾಣುವ ಬೆಂಕಿ ಎರಡೂವರೆ ಪಟ್ಟು ದೊಡ್ಡದು. ನಡುವೆ ಬರೀ ಗಾಳಿ ಊದುತ್ತಿರುವ ಮೂತಿಯ ಸುತ್ತಮುತ್ತಲೂ ಇನ್ನಷ್ಟು ಮೂತಿಗಳು ತೆರೆದುಕೊಳ್ಳುತ್ತವೆ, ಬರುವ ನೀರನ್ನು ಅವೂ ಹಂಚಿಕೊಳ್ಳುತ್ತವೆ. ಆದುದರಿಂದ ಒಣಕೊಳವೆಯಲ್ಲಿ ನೀರು ಎರೆಯಬೇಕಾದ ವಿಸ್ತೀರ್ಣವನ್ನು ನೂರಕ್ಕೆ 30ರಷ್ಟು ಹೆಚ್ಚಿಸಿ ಲೆಕ್ಕಹಾಕಬೇಕೆಂದು ನಿಯಮಾವಳಿ ಹೇಳುತ್ತದೆ. ತುಂಬುಕೊಳವೆಗೆ 1,500 ಚದರಡಿ ಸಾಕಾದ ಕಡೆ 1,950. ತಡವಾಗುವುದೆಂಬುದನ್ನು ಒಪ್ಪಿಕೊಂಡು ಅದಕ್ಕೆ ತೆತ್ತ ದಂಡವೆಂದು ಇದನ್ನು ತಿಳಿಯಬಹುದು.

ಎಲ್ಲ ಬೆಂಕಿಗೂ ಒಂದೇ ಮಿತಿ ಹೊಂದದೆಂಬ ಅರಿವಿನಿಂದ, ಗಣನೆಯ ಮೂಲಕ ಕಾಲವನ್ನು ತೋರಿಸುವವರಿಗೆ ಬೇರೆ ಕೋಷ್ಟಕವೊಂದನ್ನು ಕೊಟ್ಟಿದ್ದಾರೆ. ಕಚೇರಿಯಂಥ ಲಘು ಅಪಾಯದ ಕಡೆ ಒಂದು ಮೂತಿ ತೆರೆದು 60 ಸೆಕೆಂಡು. ಸಾಮಾನ್ಯ ಅಪಾಯಕ್ಕೆ ಎರಡು ಮೂತಿ, 50 ಸೆಕೆಂಡು. ಅಧಿಕ ಅಪಾಯಕ್ಕೆ ನಾಲ್ಕು ಮೂತಿ, 45. ಸರಕನ್ನು ಎತ್ತರವಾಗಿ ಪೇರಿಸಿದ ಉಗ್ರಾಣಕ್ಕೆ ನಾಲ್ಕು ಮೂತಿ, 40. ಜನ ಮಲಗುವ ವಸತಿಗಳಿಗಾದರೆ ಒಂದೇ ಮೂತಿ, 15 ಸೆಕೆಂಡು. ನಾಲ್ಕು ಮೂತಿ ತೆರೆದರೆ ಗಾಳಿಗೆ ನಾಲ್ಕು ದಾರಿ, ಆದುದರಿಂದ ಕವಾಟವೂ ಬೇಗ ಬಿಡುತ್ತದೆ. ಗಣನೆಯ ಬದಲು ಪರೀಕ್ಷೆಯೇ ಬೇಕೆಂದರೆ ತುದಿಯಲ್ಲಿ ನಾಲ್ಕು ಬಾಯಿಗಳ ಕವಲು ನಳವನ್ನು ಕಟ್ಟಿ ಒಟ್ಟಿಗೇ ತೆರೆಯುತ್ತಾರೆ. ಒಂದೇ ಬಾಯಿಯ ಹಳೆಯ ಪರೀಕ್ಷೆಗಿಂತ ಇದು ನಿಜವಾದ ಬೆಂಕಿಗೆ ಹತ್ತಿರ.

ಮುಂಬಯಿ, ಪುಣೆ, ಚೆನ್ನೈಗಳ ಹವೆಯಲ್ಲಿ ಕೊಳವೆಯ ನೀರು ಹೆಪ್ಪುಗಟ್ಟುವ ಪ್ರಸಂಗವಿಲ್ಲ. ಆದುದರಿಂದ ಅಲ್ಲಿಯ ಕಚೇರಿಗಳಿಗೆ ಒಣಕೊಳವೆ ಬೇಕಿಲ್ಲ. ಆದರೆ ಮೀನು, ಐಸ್‌ಕ್ರೀಮುಗಳನ್ನಿಡುವ ಶೀತಗೃಹದ ಒಳಗೆ ಯಾವ ಊರಿನಲ್ಲಾದರೂ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ನಿತ್ಯ ಚಳಿಗಾಲವೇ. ಚಳಿ ಇದ್ದಲ್ಲಿ ಬೆಂಕಿಯಿಲ್ಲವೆಂಬ ಭಾವನೆ ತಪ್ಪು. ಗೋಡೆಯೊಳಗಿನ ಫೋಮಿನ ಪದರ, ರಟ್ಟಿನ ಪೆಟ್ಟಿಗೆ, ಮರದ ಹಲಗೆಗಳು ಅಲ್ಲಿಯೂ ಉರಿಯುತ್ತವೆ, ಒಣಗಿದ ಗಾಳಿಯಲ್ಲಿ ಚೆನ್ನಾಗಿಯೇ ಉರಿಯುತ್ತವೆ. ಒಣಕೊಳವೆಯ ಸಂಕಟ ಅತ್ಯಂತ ಸ್ಪಷ್ಟವಾಗುವುದೂ ಇಂಥಲ್ಲಿಯೇ. ನ್ಯೂ ಇಂಗ್ಲೆಂಡಿನ ಉಗ್ರಾಣಕ್ಕೆ ಬೇಸಿಗೆಯಾದರೂ ಬರುತ್ತದೆ, ಆಗ ನೀರು ಬಿಟ್ಟು ನೋಡಿ ಬಸಿದು ಒಣಗಿಸಬಹುದು. ಶೀತಗೃಹಕ್ಕೆ ಬೇಸಿಗೆಯೇ ಇಲ್ಲ. ಮುಖ್ಯ ಕೊಳವೆಗೂ ಕವಲುಗಳಿಗೂ ಮೀಟರಿಗೆ 4 ಮಿಲಿಮೀಟರು ಇಳುಕಲು ಕೊಟ್ಟಿದ್ದರೂ ಎಲ್ಲೋ ಒಂದು ಬಾಗಿನಲ್ಲಿ ಉಳಿದ ಚೊಂಬು ನೀರು ಅದೇ ರಾತ್ರಿ ಗಡ್ಡೆಗಟ್ಟಿ ಕೊಳವೆಯನ್ನು ಮುಚ್ಚುತ್ತದೆ. ಆದುದರಿಂದ ಶೀತಗೃಹದ ಕೊಳವೆಗಳೊಳಗೆ ತೇವ ಹೋಗದ ರೀತಿಯಲ್ಲಿಯೇ ಕವಾಟವನ್ನು ಪರೀಕ್ಷಿಸಬೇಕೆಂದು 25ನೆಯ ನಿಯಮಾವಳಿ ವಿಧಿಸುತ್ತದೆ. ಗಾಳಿಯ ಕಾಲವನ್ನು ಅಳೆಯಬಹುದು, ನೀರಿನ ಕಾಲವನ್ನು ಅಳೆಯುವಂತಿಲ್ಲ. ಆ ಕಟ್ಟಡದಲ್ಲಿ ನೀರು ತುದಿಯನ್ನು ಎಷ್ಟು ಹೊತ್ತಿಗೆ ತಲಪುತ್ತದೆಂಬುದಕ್ಕೆ ಇರುವ ಪ್ರತ್ಯಕ್ಷ ಸಾಕ್ಷಿ, ಯಂತ್ರಗಳನ್ನು ಚಾಲನೆ ಮಾಡಿ ಕೋಣೆಯನ್ನು ತಣ್ಣಗಾಗಿಸುವುದಕ್ಕೆ ಮೊದಲು ನಡೆದ ಒಂದೇ ಒಂದು ಪರೀಕ್ಷೆ. ಆ ದಿನ ಎರಡು ಕಾಲಗಳನ್ನೂ ಬೇರೆ ಬೇರೆಯಾಗಿ ಬರೆಯದೆ ಬಿಟ್ಟಿದ್ದರೆ ಅವನ್ನು ಮತ್ತೆ ಪಡೆಯುವ ದಾರಿಯಿಲ್ಲ. ಅನಂತರದ ವರ್ಷಗಳಲ್ಲಿ ಮಾಡಬಹುದಾದುದೆಂದರೆ, ಕೊಳವೆ ಗೋಡೆಯನ್ನು ದಾಟುವಲ್ಲಿ ಕಳಚಲು ಬರುವಂತೆ ಜೋಡಿಸಿದ ತುಂಡನ್ನು ತೆಗೆದು, ದೀಪ ಹಿಡಿದು, ಒಳಗೆ ಹಿಮದ ಬಿರಡೆ ಕಟ್ಟಿದೆಯೇ ಎಂದು ಇಣುಕಿ ನೋಡುವುದು.